ಹಸುರಿನ ಹಾದಿಯಲ್ಲಿ ನಡೆದ ಪ್ರಾಧ್ಯಾಪಕ ಡಾ. ಬಿ.ಜಿ.ಎಲ್. ಸ್ವಾಮಿ

ಮುಂಗಾರು ಮಳೆ ಹಿಡಿದು ಎರಡು ವಾರ ಕಳೆಯಿತೆಂದರೆ ಮುಂಬಯಿ ಮಹಾನಗರದ ಜನರಿಗೆ ಜಲಪಾತಗಳ ನೆನಪಾಗುತ್ತದೆ. ಶನಿವಾರ, ಭಾನುವಾರಗಳಂದು ಕರ್ಜತ್ ಮತ್ತು ಖಂಡಾಲದ ಕಡೆಗೆ ಹೊರಡುವ ಲೋಕಲ್ ಗಾಡಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಖಾರ್‌ಘರ್‌ನ ಪಾಂಡವಕಡಾ, ಠಾಣೆಯ ಯೇವೂರಿನ ತೊರೆಗಳು, ಮಾಳಶೇಜ್ ಘಟ್ಟದ ನೀರಿನ ಎಳೆಗಳು, ಲೋಣಾವಳದ ಭುಶಿ ಅಣೆಕಟ್ಟು ಎಲ್ಲೆಡೆಯೂ ಜಾತ್ರೆ. ಇದರೊಡನೆ ದುಃಖದ ಸುದ್ದಿಗಳೂ ಬರುತ್ತವೆ. 2024ರ ಜೂನ್ 30ರಂದು ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ನಿಂತಿದ್ದ ಒಂದೇ ಕುಟುಂಬದ ಐವರು ಏಕಾಏಕಿ ಏರಿಬಂದ ಪ್ರವಾಹದಲ್ಲಿ ಕೊಚ್ಚಿಹೋದುದನ್ನು ಓದುಗರು ಮರೆತಿರಲಾರರು. ಕಾಡಿನ ಕಮರಿಗೆ ಇಳಿಯುವವರು ಅಲ್ಲಿ ಏನನ್ನು ನೋಡಲು ಹೋಗುತ್ತಾರೆ, ಹೇಗೆ ಹೋಗುತ್ತಾರೆ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಅದೇ ವರ್ಷದ ಮಳೆಗಾಲದ ಕೊನೆಯಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಗುಡ್ಡದ ಇಳಿಜಾರಿನ ತುಂಬ ಕಾರ್ವಿ ಹೂ ಬಿಟ್ಟಿತ್ತು. ನಮ್ಮೊಡನಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಆ ನೇರಳೆ ಹೂವಿಗೆ ಕನ್ನಡದಲ್ಲಿ ಏನು ಹೆಸರೆಂದು ಕೇಳಿದಳು. ಒಬ್ಬರು ಮರಾಠಿಯ ಹೆಸರನ್ನೇ ಹೇಳಿದರು, ಇನ್ನೊಬ್ಬರು ಕುರಿಂಜಿ ಎಂದರು, ಮಲೆನಾಡಿನ ಹಿರಿಯರೊಬ್ಬರು ತಮ್ಮ ಕಡೆ ಇಂಥ ಗಿಡವನ್ನು ಗುರಿಗೆ ಎನ್ನುತ್ತಾರೆಂದು ಜ್ಞಾಪಿಸಿಕೊಂಡರು. ಎಲ್ಲರೂ ಒಂದೊಂದು ಬಗೆಯಲ್ಲಿ ಸರಿಯೇ. ಅದು ಯಾವ ಕುಲದ್ದು, ಎಂಟು ವರ್ಷಕ್ಕೊಮ್ಮೆ ಏಕೆ ಹೂಬಿಡುತ್ತದೆ, ಅದರ ನೆಂಟರು ಘಟ್ಟದಲ್ಲಿ ಎಲ್ಲೆಲ್ಲಿದ್ದಾರೆ ಎಂದು ಅವಳು ಮುಂದುವರಿದು ಕೇಳಿದಾಗ ಮಾತ್ರ ನಾವು ಮೌನವಾದೆವು. ಆ ಮೌನದಲ್ಲಿ ನಮಗೆ ನೆನಪಾದವರು ಡಾ. ಬಿ.ಜಿ.ಎಲ್. ಸ್ವಾಮಿ. ಇಂಥ ಪ್ರಶ್ನೆ ಕೇಳುವವರನ್ನು ಹಿಂದಿಟ್ಟುಕೊಂಡು ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕಾಲ್ನಡಿಗೆಯಲ್ಲಿ ಅಲೆದು, ಆ ಅಲೆದಾಟವನ್ನು ಕನ್ನಡಿಗರ ಮನೆಬಾಗಿಲಿಗೆ ತಂದುಕೊಟ್ಟವರು ಅವರು. ಅವರ ಬಾಳಿನ ಕಥೆಯನ್ನು ಇಲ್ಲಿ ನಮಗೆ ತಿಳಿದಷ್ಟರ ಮಟ್ಟಿಗೆ ನಿವೇದಿಸುತ್ತಿದ್ದೇವೆ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಜನಿಸಿದ್ದು 1918ರ ಫೆಬ್ರವರಿ 5ರಂದು. ತಂದೆ ಡಿ.ವಿ. ಗುಂಡಪ್ಪ; ಮಂಕುತಿಮ್ಮನ ಕಗ್ಗದ ಕರ್ತೃವೆಂದು ಅವರನ್ನು ಪರಿಚಯಿಸಬೇಕಾದ ಕನ್ನಡ ಮನೆ ಬಹುಶಃ ಮುಂಬಯಿಯಲ್ಲಿಯೂ ಇಲ್ಲ. ಸ್ವಾಮಿಯವರು ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಡಿ.ವಿ.ಜಿ. ಮರುಮದುವೆಯಾಗಲಿಲ್ಲ. ಪತ್ರಿಕೆ, ಪುಸ್ತಕ, ಸಾರ್ವಜನಿಕ ಜೀವನಗಳ ನಡುವೆ, ಸಂಪತ್ತಿಲ್ಲದ ಆದರೆ ವಿದ್ವಾಂಸರ ಬರವು ತಪ್ಪದ ಮನೆಯಲ್ಲಿ ಬಾಲಕ ಬೆಳೆದ. ಅಂಥ ಮನೆಯ ಮಗ ಸಾಹಿತ್ಯವನ್ನೋ ವೇದಾಂತವನ್ನೋ ಹಿಡಿದಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಸ್ವಾಮಿ ಗಿಡಮರಗಳನ್ನು ಆರಿಸಿಕೊಂಡರು. ದೊಡ್ಡ ಮರದ ನೆರಳಿನಲ್ಲಿ ಸಣ್ಣ ಗಿಡ ಬೆಳೆಯುವುದಿಲ್ಲವೆಂಬ ಮಾತು ಲೋಕದಲ್ಲಿ ರೂಢಿಯಲ್ಲಿದೆ. ಆದರೆ ದಟ್ಟ ಕಾಡನ್ನು ಕಂಡವರಿಗೆ ನೆರಳಿನಲ್ಲಿಯೇ ಬೆಳೆಯುವ ಗಿಡಗಳೂ ಬಹಳವುಂಟೆಂದು ಗೊತ್ತು. ಸ್ವಾಮಿಯವರು ಮುಂದೆ ತಮ್ಮ ಗುರುವಿನ ಹೆಸರನ್ನಿಟ್ಟ ಸಸ್ಯವೂ ಅಂಥದೇ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯವಿಜ್ಞಾನವನ್ನು ಅಭ್ಯಸಿಸಿದ ಸ್ವಾಮಿಯವರು 1940ರ ದಶಕದಲ್ಲಿ ಆರ್ಕಿಡ್ ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ಸಂಶೋಧನೆ ನಡೆಸಿದರು. ಆರ್ಕಿಡ್ ಎಂದರೆ ನಮ್ಮ ಕಾಡುಗಳಲ್ಲಿ ಮರದ ಕೊಂಬೆಗಳ ಮೇಲೆ ನೆಲೆಸುವ ಸೀತಾಳೆ ದಂಡೆಯ ಬಳಗ. ಈ ಅಧ್ಯಯನಕ್ಕೂ ಕಾಲ್ನಡಿಗೆಗೂ ಇರುವ ಸಂಬಂಧವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಏಕೆಂದರೆ ಸ್ವಾಮಿಯವರ ಮುಂದಿನ ಬಾಳೆಲ್ಲ ಈ ಸಂಬಂಧದ ಮೇಲೆಯೇ ನಿಂತಿದೆ.

ಹೂವಿನಲ್ಲಿ ಬೀಜ ಹುಟ್ಟುವ ಬಗೆ ಕಣ್ಣಿಗೆ ಕಾಣುವಂಥದಲ್ಲ. ಮೊಗ್ಗು, ಅರಳಿದ ಹೂ, ಪರಾಗಸ್ಪರ್ಶವಾದ ಹೂ, ಎಳೆಯ ಕಾಯಿ, ಬಲಿತ ಕಾಯಿ ಇವುಗಳಲ್ಲಿ ಪ್ರತಿಯೊಂದು ಹಂತವನ್ನೂ ಗಿಡದ ಮೇಲಿರುವಾಗಲೇ ಕಿತ್ತು, ಫಾರ್ಮಲಿನ್, ಅಸಿಟಿಕ್ ಆಮ್ಲ ಮತ್ತು ಆಲ್ಕೊಹಾಲ್‌ಗಳ ಮಿಶ್ರಣದ ಸೀಸೆಯಲ್ಲಿ ಆ ಕ್ಷಣದಲ್ಲಿಯೇ ಮುಳುಗಿಸಬೇಕು. ಬಳಿಕ ಅದನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮ್ ಎಂಬ ಯಂತ್ರದಿಂದ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾಗಿ ಹೆರೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡಬೇಕು. ಒಂದು ಹಂತ ತಪ್ಪಿದರೂ ಕಥೆಯ ಒಂದು ಪುಟ ಹರಿದುಹೋದಂತೆ. ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡದಿಂದ ಈ ಕೆಲಸ ನಡೆಯದು. ಆರ್ಕಿಡ್‌ಗಳ ವಿಷಯದಲ್ಲಂತೂ ಪರಾಗ ಬಿದ್ದ ಮೇಲೆ ಗರ್ಭ ಕಟ್ಟಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಒಂದೇ ಗಿಡದ ಬಳಿಗೆ ಮತ್ತೆ ಮತ್ತೆ ಹೋಗಬೇಕು. ಗಿಡವೋ ತೊರೆಯ ಮೇಲೆ ಬಾಗಿದ ಕೊಂಬೆಯ ತುದಿಯಲ್ಲಿರುತ್ತದೆ.

ಇಷ್ಟು ಶ್ರಮದಿಂದ ಕಂಡದ್ದೇನು? ನಮ್ಮ ಕರಾವಳಿಯ ಓದುಗರಿಗೆ ತೆಂಗಿನಕಾಯಿಯ ಉದಾಹರಣೆ ಸಾಕು. ಮೊಳಕೆಗೆ ಆಹಾರವಾಗಲೆಂದು ಗಿಡ ಬೀಜದಲ್ಲಿ ತುಂಬಿಡುವ ಬುತ್ತಿಯೇ ನಾವು ತುರಿಯುವ ತಿರುಳು. ಆರ್ಕಿಡ್ ಬೀಜದಲ್ಲಿ ಈ ಬುತ್ತಿಯೇ ಇಲ್ಲ. ಅದು ಹುಟ್ಟುವಾಗಲೇ ನಶಿಸುತ್ತದೆ. ಧೂಳಿನಂಥ ಬೀಜ ಗಾಳಿಯಲ್ಲಿ ಹಾರಿ, ತಕ್ಕ ಶಿಲೀಂಧ್ರವೊಂದರ ನೆರವು ದೊರೆತರೆ ಮಾತ್ರ ಮೊಳೆಯುತ್ತದೆ. ಈ ಕುಟುಂಬದ ಅನೇಕ ಸಸ್ಯಗಳ ಭ್ರೂಣವಿಕಾಸವನ್ನು ಹಂತಹಂತವಾಗಿ ಗುರುತಿಸಿ ಸ್ವಾಮಿಯವರು ಬರೆದ ದೀರ್ಘ ಪ್ರಬಂಧಗಳು 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾದವು. ಆರ್ಕಿಡ್ ಭ್ರೂಣಶಾಸ್ತ್ರದ ಮಾತು ಬಂದಲ್ಲೆಲ್ಲ ಇಂದಿಗೂ ಅವುಗಳ ಉಲ್ಲೇಖ ತಪ್ಪುವುದಿಲ್ಲ.

ಅಷ್ಟರಲ್ಲಿ ಸ್ವಾಮಿಯವರು ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದ್ದರು. ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಇರ್ವಿಂಗ್ ವಿಡ್ಮರ್ ಬೈಲಿ. ಮರದ ತೊಗಟೆಯೊಳಗಿನ ಕಟ್ಟಿಗೆಯ ರಚನೆಯನ್ನು ನೋಡಿ ಸಸ್ಯಕುಲಗಳ ಹಳಮೆಯನ್ನು ಅಳೆಯುವ ವಿದ್ಯೆಯಲ್ಲಿ ಬೈಲಿಯವರು ಅಗ್ರಗಣ್ಯರು. ಹೂಬಿಡುವ ಸಸ್ಯಗಳಲ್ಲಿ ಬಹುಪಾಲಿನ ಕಟ್ಟಿಗೆಯಲ್ಲಿ ನೀರು ಏರಲು ಉದ್ದನೆಯ ಕೊಳವೆಗಳಿರುತ್ತವೆ. ಕೆಲವೇ ಕೆಲವು ಸಸ್ಯಗಳಲ್ಲಿ ಈ ಕೊಳವೆಗಳಿಲ್ಲ. ಅವು ಹೂಬಿಡುವ ಸಸ್ಯಗಳ ಆದಿಕಾಲದ ಪಳೆಯುಳಿಕೆಗಳಂತೆ ಬದುಕುಳಿದಿವೆ ಎಂಬುದು ಅಂದಿನ ತರ್ಕ. ನ್ಯೂ ಕ್ಯಾಲಿಡೋನಿಯ ದ್ವೀಪದ ಮಲೆಗಾಡಿನಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಎಂಬ ಪೊದೆಯ ಕಟ್ಟಿಗೆಯಲ್ಲಿ ಈ ಕೊಳವೆಗಳಿಲ್ಲವೆಂಬುದನ್ನು ಬೈಲಿ ಮತ್ತು ಸ್ವಾಮಿ 1948ರಲ್ಲಿ ಲೋಕಕ್ಕೆ ತಿಳಿಸಿದರು. ಅಂದು ಇದು ಕೆಲವೇ ತಜ್ಞರ ಗಮನ ಸೆಳೆದ ಸಂಗತಿ. ಅರ್ಧ ಶತಮಾನ ಕಳೆದು, 1999ರಲ್ಲಿ ಡಿ.ಎನ್.ಎ. ಪರೀಕ್ಷೆಗಳು ನಡೆದಾಗ, ಇಂದು ಜೀವಿಸಿರುವ ಹೂಬಿಡುವ ಸಸ್ಯಗಳೆಲ್ಲದರ ವಂಶವೃಕ್ಷದಲ್ಲಿ ತಳಭಾಗದಿಂದ ಮೊದಲಿಗೇ ಕವಲೊಡೆದದ್ದು ಈ ಅಂಬೊರೆಲ್ಲವೇ ಎಂದು ತಿಳಿದುಬಂದಿತು. ಸ್ವಾಮಿಯವರು ಅದನ್ನು ಕೇಳಲು ಇರಲಿಲ್ಲ.

1951ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ ಪ್ರಕಟಿಸಿದ ಇನ್ನೊಂದು ಪ್ರಬಂಧ ಸಸ್ಯವಿಜ್ಞಾನದ ಪಠ್ಯಗಳನ್ನೇ ಸೇರಿತು. ಹೂವಿನ ಅಂಡಾಶಯವೆಂದರೆ ಮಡಿಸಿದ ವೀಳ್ಯದೆಲೆಯಂತೆ ನಡುದಿಂಡಿನ ಗುಂಟ ಮಡಚಿಕೊಂಡ ಒಂದು ಎಲೆ. ಅದರ ಅಂಚುಗಳು ಕ್ರಮೇಣ ಬೆಸೆದುಕೊಂಡು ಒಳಗಿನ ಅಂಡಕಗಳನ್ನು ಮುಚ್ಚಿದವು ಎಂಬುದು ಅದರ ಸಾರ. ಅವರಿಗೆ ಈ ವಾದಕ್ಕೆ ಆಧಾರವಾದ ಸಸ್ಯಗಳಲ್ಲಿ ಫೀಜಿ ದ್ವೀಪದ ಡೆಗೆನೇರಿಯ ಪ್ರಮುಖವಾದುದು. ಆ ಗಿಡ ಒಟ್ಟೋ ಡೆಗೆನರ್ ಎಂಬ ಸಸ್ಯಸಂಗ್ರಾಹಕರ ಹೆಸರನ್ನು ಹೊತ್ತಿದೆ. ಯಾರೋ ಒಬ್ಬರು ದೂರದ ದ್ವೀಪದ ಕಾಡಿನಲ್ಲಿ ನಡೆದು ತಂದದ್ದನ್ನು ಮತ್ತೊಬ್ಬರು ಪ್ರಯೋಗಾಲಯದ ಮೇಜಿನ ಮೇಲೆ ಹೆರೆದು ನೋಡುವುದು ಹಾರ್ವರ್ಡಿನಂಥ ಸಂಸ್ಥೆಯ ಅನುಕೂಲ. ತಾಯ್ನಾಡಿಗೆ ಮರಳಿದ ಸ್ವಾಮಿಯವರಿಗೆ ಆ ಅನುಕೂಲವಿರಲಿಲ್ಲ. ಆದರೆ ರೈಲು ಹತ್ತಿದರೆ ಒಂದೇ ರಾತ್ರಿಯಲ್ಲಿ ತಲುಪಬಹುದಾದ ಪಶ್ಚಿಮ ಘಟ್ಟಗಳಿದ್ದವು. ಅಂಬೊರೆಲ್ಲದಷ್ಟು ಹಳೆಯದಲ್ಲದಿದ್ದರೂ ಹಳಮೆಯ ಗುರುತುಗಳನ್ನು ಉಳಿಸಿಕೊಂಡ ಸಸ್ಯಗಳು ಆ ಘಟ್ಟಗಳ ಕೊರಕಲುಗಳಲ್ಲಿ ಕಾದಿದ್ದವು.

1950ರ ದಶಕದಲ್ಲಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಕ್ರಮೇಣ ವಿಭಾಗದ ಮುಖ್ಯಸ್ಥರಾಗಿ, ಕಡೆಗೆ ಪ್ರಾಂಶುಪಾಲರೂ ಆದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟಗಳಿಗೆ ಹೋಗುವುದು ಅವರ ಪಾಠದ ಭಾಗ. 1953ರಲ್ಲಿ ಅವರು ದಕ್ಷಿಣ ಭಾರತದ ಮಲೆಗಾಡಿನ ಒಂದು ಸಸ್ಯವನ್ನು ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಗುರುವಿನ ಹೆಸರನ್ನಿಟ್ಟರು. ದಟ್ಟ ಕಾಡಿನ ನೆರಳಿನಲ್ಲಿ, ತೇವ ಆರದ ಕಡೆ ಬೆಳೆಯುವ, ಕಣ್ಣಿಗೆ ಹೊಡೆಯುವ ಹೂವಿಲ್ಲದ ಪೊದೆ ಅದು. ದಾರಿಹೋಕರು ಅದರ ಕಡೆ ತಿರುಗಿಯೂ ನೋಡರು. ಅದರ ಕಟ್ಟಿಗೆಯಲ್ಲಿಯೂ ಆ ಕೊಳವೆಗಳಿಲ್ಲವೆಂದು ಅವರು ಕಂಡಿದ್ದರು. ಬೇರೆ ಒಂದು ಸಸ್ಯಕ್ಕೆ ಭಾರತೀಯ ಭ್ರೂಣಶಾಸ್ತ್ರದ ಹಿರಿಯರಾದ ಪಂಚಾನನ ಮಾಹೇಶ್ವರಿಯವರ ಹೆಸರನ್ನಿಟ್ಟರು. ವಿಜ್ಞಾನದಲ್ಲಿ ಗುರುದಕ್ಷಿಣೆ ಸಲ್ಲುವ ಬಗೆ ಇದು.

ಸತ್ಯಕ್ಕೆ ಅಪಚಾರವಾಗದಂತೆ ಇಲ್ಲಿ ಒಂದು ಮಾತನ್ನು ಸೇರಿಸಬೇಕು. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ ಸಾರ್ಕಾಂಡ್ರದ ಕಟ್ಟಿಗೆಯನ್ನು ಮತ್ತೆ ಪರೀಕ್ಷಿಸಿ, ಅದರಲ್ಲಿ ಕೊಳವೆಗಳಿವೆ ಎಂದು ತೋರಿಸಿದರು. ಕೊಳವೆಗಳಿಲ್ಲವೆಂಬ ತೀರ್ಮಾನ ಹಾಗೆ ತಿದ್ದಲ್ಪಟ್ಟಿತು. ಸ್ವಾಮಿಯವರ ಅಭಿಮಾನಿಗಳಲ್ಲಿ ಕೆಲವರು ಇದನ್ನು ಹೇಳಲು ಹಿಂಜರಿಯುತ್ತಾರೆ. ಹಿಂಜರಿಯುವ ಕಾರಣ ನಮಗೆ ಕಾಣುವುದಿಲ್ಲ. ಯಾರೂ ನೋಡದ ಪೊದೆಯನ್ನು ನೋಡುವಂತೆ ಮಾಡಿದ್ದರಿಂದಲೇ ಆ ಮರುಪರೀಕ್ಷೆಗೆ ದಾರಿಯಾಯಿತು.

ಸ್ವಾಮಿಯವರು ಶಿಷ್ಯರೊಡನೆ ತಿರುಗಿದ ಪಶ್ಚಿಮ ಘಟ್ಟದ ಕಾಡು ಎಂಥದೆಂಬುದು ನಗರದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಸುಲಭವಾಗಿ ತಿಳಿಯದು. ಆಗುಂಬೆಯನ್ನೇ ತೆಗೆದುಕೊಳ್ಳೋಣ. ಮುಂಬಯಿಯಲ್ಲಿ ವರ್ಷವಿಡೀ ಸುರಿಯುವ ಮಳೆಯ ಸುಮಾರು ಮೂರು ಪಟ್ಟು ಅಲ್ಲಿ ಸುರಿಯುತ್ತದೆ. ವರ್ಷದ ಸರಾಸರಿ 7000 ಮಿಲಿಮೀಟರನ್ನು ಮೀರುತ್ತದೆ. ಹೆಬ್ರಿ, ಸೋಮೇಶ್ವರದ ಕಡೆಯಿಂದ ಹತ್ತುವ ನಮ್ಮ ಉಡುಪಿ ಸೀಮೆಯ ಓದುಗರಿಗೆ ಆ ತಿರುವುಗಳು ಕಂಠಪಾಠ. ಸೀತಾ ನದಿ ಬರ್ಕಣದಲ್ಲಿ 250 ಮೀಟರಿಗೂ ಹೆಚ್ಚು ಆಳದ ಕಂದರಕ್ಕೆ ಧುಮುಕುತ್ತದೆ. ಅನತಿ ದೂರದಲ್ಲಿ ಒನಕೆ ಅಬ್ಬಿ. ಘಟ್ಟದ ಮೇಲಿನವರು ಅಬ್ಬಿ ಎನ್ನುವುದನ್ನು ತುಳುವರು ಅರ್ಬಿ ಎನ್ನುತ್ತಾರೆ. ಚಾರ್ಮಾಡಿಯ ಬಂಡಾಜೆ ಅರ್ಬಿಯನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ.

ಜಲಪಾತದ ಸುತ್ತಲಿನ ಕಮರಿ ಬೇರೆಯೇ ಒಂದು ಲೋಕ. ಎರಡು ಕಡೆಯ ಗೋಡೆಗಳು ಬಿಸಿಲನ್ನು ತಡೆಯುತ್ತವೆ, ನೀರಿನ ತುಂತುರು ಗಾಳಿಯನ್ನು ಸದಾ ಒದ್ದೆಯಾಗಿಡುತ್ತದೆ. ಮೇಲಿನ ಗುಡ್ಡ ಬೇಸಿಗೆಯಲ್ಲಿ ಕಾದು ಕಂದಿದಾಗಲೂ ಕೆಳಗೆ ಹಾವಸೆ ಹಸುರಾಗಿರುತ್ತದೆ. ಒಂದೇ ಪದರದ ಕೋಶಗಳಿಂದಾದ, ಬೆಳಕು ತೂರುವಷ್ಟು ತೆಳುವಾದ ಜರೀಗಿಡಗಳು, ತಲೆಗಿಂತ ಎತ್ತರಕ್ಕೆ ಬೆಳೆಯುವ ಮರಜರೀಗಿಡಗಳು, ಬಂಡೆಯ ಬಿರುಕಿನಿಂದ ಇಣುಕುವ ಕಾಡುಗೌರಿ ಹೂಗಳು ಇರುವುದು ಇಂಥಲ್ಲಿ. ಎಲ್ಲಕ್ಕಿಂತ ವಿಚಿತ್ರವಾದುವು ನೀರು ಧುಮುಕುವ ಬಂಡೆಗೇ ಅಂಟಿಕೊಂಡು ಬದುಕುವ ಪೊಡೊಸ್ಟಿಮೇಸೀ ಕುಟುಂಬದ ಸಸ್ಯಗಳು. ಮಳೆಗಾಲದುದ್ದಕ್ಕೂ ನೀರಿನ ಹೊಡೆತದಡಿ ಹಾವಸೆಯಂತೆ ಬಿದ್ದಿದ್ದು, ಮಳೆ ನಿಂತು ನೀರು ಇಳಿದ ಕೆಲವೇ ದಿನಗಳಲ್ಲಿ ಅವು ಹೂಬಿಟ್ಟು, ಬೀಜ ಕಟ್ಟಿ, ಒಣಗಿಹೋಗುತ್ತವೆ. ನೀರಿನ ಏರಿಳಿತವೇ ಅವುಗಳ ಪಂಚಾಂಗ. ನಮ್ಮ ಜನ ಜಾರುವ ಪಾಚಿ ಎಂದು ಬೈದುಕೊಂಡು ತುಳಿಯುವುದರಲ್ಲಿ ಇವೂ ಸೇರಿರುತ್ತವೆ.

ಇಂಥ ಜಾಗಕ್ಕೆ ಸಸ್ಯಸಂಗ್ರಾಹಕರು ಹೋಗುತ್ತಿದ್ದ ರೀತಿಯನ್ನೂ ಗಮನಿಸಬೇಕು. ಗಿಡಗಳನ್ನು ಬಾಡದಂತಿಡಲು ತಗಡಿನ ಪೆಟ್ಟಿಗೆ, ಒತ್ತಿ ಒಣಗಿಸಲು ಮರದ ಹಲಗೆಗಳು ಮತ್ತು ರಾಶಿ ಹಳೆಯ ವೃತ್ತಪತ್ರಿಕೆ, ದ್ರಾವಣದ ಸೀಸೆಗಳು, ಚಾಕು, ಮಸೂರ, ಟಿಪ್ಪಣಿ ಪುಸ್ತಕ. ಕಾಲಿಗೆ ಹತ್ತುವ ಉಂಬಳಗಳಿಗೆ ಉಪ್ಪು ಅಥವಾ ಹೊಗೆಸೊಪ್ಪು. ಸಂಜೆ ಪ್ರವಾಸಿ ಬಂಗಲೆಗೆ ಮರಳಿದ ಮೇಲೆ ಊಟಕ್ಕೆ ಮುಂಚೆ ಒದ್ದೆಯಾದ ಕಾಗದಗಳನ್ನೆಲ್ಲ ಬದಲಿಸಬೇಕು. ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಬೂಷ್ಟು ಹಿಡಿದು ದಿನದ ಶ್ರಮವೆಲ್ಲ ವ್ಯರ್ಥ. ಊರಿನ ಆಳೊಬ್ಬ ದಾರಿ ತೋರಿಸಲು ಮುಂದೆ ಇರುತ್ತಿದ್ದ. ಯಾವ ತೊರೆ ಎಷ್ಟು ಹೊತ್ತಿಗೆ ಏರುತ್ತದೆ, ಯಾವ ಬಂಡೆ ನಂಬತಕ್ಕದ್ದಲ್ಲ ಎಂಬುದು ಅವನಿಗೆ ಗೊತ್ತು. ಪ್ರತಿ ಹತ್ತು ಹೆಜ್ಜೆಗೂ ನಿಂತು ಬಗ್ಗಿ ನೋಡುವವರ ನಡಿಗೆ ನಿಧಾನ. ಇಂದು ಭಾನುವಾರದ ಒಂದೇ ಹಗಲಿನಲ್ಲಿ ಮೂರು ಜಲಪಾತಗಳನ್ನು ಮುಗಿಸಿ ಬರುವ ನಮಗೆ ಆ ನಿಧಾನ ಕಷ್ಟವೆನಿಸಬಹುದು.

ಈ ಅಲೆದಾಟಗಳ ಫಲವಾಗಿ 1976ರಲ್ಲಿ ಹೊರಬಂದದ್ದು ಹಸುರು ಹೊನ್ನು. ಕನ್ನಡದಲ್ಲಿ ಅದಕ್ಕೆ ಹೋಲಿಸಬಹುದಾದ ಮತ್ತೊಂದು ಪುಸ್ತಕವನ್ನು ನಾವು ಕಂಡಿಲ್ಲ. ಪ್ರಾಧ್ಯಾಪಕರೊಬ್ಬರು ಶಿಷ್ಯರ ತಂಡವನ್ನು ಘಟ್ಟದ ಕಾಡುಗಳಲ್ಲಿ ಸುತ್ತಿಸುವ ಕಥೆ ಎಂದು ಓದಿದರೂ ಸರಿ, ಸಸ್ಯಶಾಸ್ತ್ರದ ಪಾಠವೆಂದು ಓದಿದರೂ ಸರಿ, ಹಾಸ್ಯವೆಂದು ಓದಿದರೂ ಸರಿ. ಗುರುಶಿಷ್ಯರ ಕೀಟಲೆಗಳ ಮಧ್ಯೆ ಒಂದು ಗಿಡ ಪ್ರವೇಶಿಸುತ್ತದೆ. ಅದರ ಲ್ಯಾಟಿನ್ ಹೆಸರಿನ ಹಿನ್ನೆಲೆ, ಊರವರು ಕರೆಯುವ ಹೆಸರು, ಅದರ ಉಪಯೋಗ, ಹಳೆಯ ಕಾವ್ಯಗಳಲ್ಲಿ ಅದು ಬಂದಿರುವ ರೀತಿ ಎಲ್ಲವೂ ಮಾತಿನ ಓಘದಲ್ಲಿ ಸೇರಿಕೊಳ್ಳುತ್ತವೆ. ಚಿತ್ರಗಳನ್ನೂ ಸ್ವಾಮಿಯವರೇ ಬರೆದರು. ಸೂಕ್ಷ್ಮದರ್ಶಕದ ಮೇಲೆ ಕಣ್ಣಿಟ್ಟು ಕಂಡದ್ದನ್ನು ಗೆರೆಗಿಳಿಸುವುದು ಭ್ರೂಣಶಾಸ್ತ್ರಜ್ಞನ ನಿತ್ಯದ ಕೆಲಸವಾದ್ದರಿಂದ ಅವರ ಕೈ ಪಳಗಿತ್ತು. ಸಸ್ಯಗಳ ವಿವರ ಕೆಲವೆಡೆ ಸಾಮಾನ್ಯ ಓದುಗನಿಗೆ ದಟ್ಟವೆನಿಸುವುದುಂಟು. ನಮ್ಮ ಸಲಹೆಯೇನೆಂದರೆ, ಅಂಥ ಪುಟಗಳನ್ನು ಮೊದಲ ಓದಿಗೆ ದಾಟಿಹೋಗಿ, ಗಿಡದ ಎದುರು ನಿಂತಾಗ ಮತ್ತೆ ತೆರೆಯುವುದು.

1978ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹನ್ನೊಂದು ವರ್ಷಗಳ ಹಿಂದೆ, 1967ರಲ್ಲಿ, ಡಿ.ವಿ.ಜಿ.ಯವರ ಗೀತಾ ತಾತ್ಪರ್ಯಕ್ಕೆ ಅದೇ ಪ್ರಶಸ್ತಿ ಸಂದಿತ್ತು. ತಂದೆ ಭಗವದ್ಗೀತೆಗೆ, ಮಗ ಗಿಡಮರಗಳಿಗೆ! ಮಗನ ಹಸುರು ಹೊನ್ನು ಅಚ್ಚಾಗುವ ಹೊತ್ತಿಗೆ ತಂದೆ ಇರಲಿಲ್ಲ, ಡಿ.ವಿ.ಜಿ. 1975ರ ಅಕ್ಟೋಬರ್ 7ರಂದು ನಿಧನರಾಗಿದ್ದರು.

ನಮ್ಮ ಮುಂಬಯಿಗೂ ಈ ಬಗೆಯ ನಡಿಗೆಗಾರರೊಬ್ಬರು ಇದ್ದರೆಂಬುದನ್ನು ಪ್ರಸಂಗವಶಾತ್ ನೆನೆಯಬೇಕು. ಸ್ಪೇನ್ ದೇಶದಲ್ಲಿ 1903ರಲ್ಲಿ ಹುಟ್ಟಿ, ಜೆಸ್ವಿಟ್ ಪಾದ್ರಿಯಾಗಿ ಭಾರತಕ್ಕೆ ಬಂದು, ಇಲ್ಲಿಯ ಪೌರತ್ವವನ್ನೇ ಪಡೆದ ಫಾದರ್ ಹೆನ್ರಿ ಸಾಂತಾಪಾವ್ ನಗರದ ಸೇಂಟ್ ಝೇವಿಯರ್ಸ್ ಕಾಲೇಜಿನ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಖಂಡಾಲದ ಕಮರಿಗಳನ್ನು ವರ್ಷಾನುಗಟ್ಟಲೆ ಸುತ್ತಿ ಅವರು ಸಿದ್ಧಪಡಿಸಿದ ಖಂಡಾಲದ ಸಸ್ಯಾವಳಿ ಪ್ರಕಟವಾದದ್ದು 1953ರಲ್ಲಿ. ಸ್ವಾಮಿಯವರು ಸಾರ್ಕಾಂಡ್ರಕ್ಕೆ ಹೆಸರಿಟ್ಟ ವರ್ಷವೇ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿ, 1967ರಲ್ಲಿ ಪದ್ಮಶ್ರೀ ಪಡೆದು, 1970ರಲ್ಲಿ ಅವರು ಮುಂಬಯಿಯಲ್ಲಿಯೇ ತೀರಿಕೊಂಡರು. ನಮ್ಮ ಗುಡ್ಡಗಳ ಕಾರ್ವಿಯ ಹೂಗಾಲವನ್ನು ಲೆಕ್ಕವಿಟ್ಟು ಬರೆದವರಲ್ಲಿ ಅವರೂ ಒಬ್ಬರು. ಪುಣೆಗೆ ಹೋಗುವ ಗಾಡಿ ಖಂಡಾಲ ಘಟ್ಟದ ಸುರಂಗಗಳನ್ನು ದಾಟುವಾಗ ಕಿಟಕಿಯಿಂದ ಕಾಣುವ ಕಣಿವೆಗಳು ಹಾಗೆ ಒಬ್ಬರ ಕಾಲಡಿ ಅಂಗುಲ ಅಂಗುಲವಾಗಿ ಅಳೆಯಲ್ಪಟ್ಟವು. ಅದೇ ಬೆಟ್ಟಸಾಲು ದಕ್ಷಿಣಕ್ಕೆ ಮುಂದುವರಿದು ಸ್ವಾಮಿಯವರ ಘಟ್ಟಗಳಾಗುತ್ತದೆ.

ಸ್ವಾಮಿಯವರ ಇತರ ಕೃತಿಗಳನ್ನು ವಿವರಿಸಲು ಇಲ್ಲಿ ಅವಕಾಶವಿಲ್ಲ. ಹಾರ್ವರ್ಡಿನ ದಿನಗಳ ಅಮೆರಿಕದಲ್ಲಿ ನಾನು, ಕಾಲೇಜು ಆಡಳಿತವನ್ನು ಲೇವಡಿ ಮಾಡುವ ಕಾಲೇಜುರಂಗ, ಮದರಾಸಿನ ಅನುಭವಗಳ ತಮಿಳು ತಲೆಗಳ ನಡುವೆ, ಶಾಸನಗಳಲ್ಲಿ ಗಿಡಮರಗಳು ಇವುಗಳ ಹೆಸರನ್ನಾದರೂ ಹೇಳಬೇಕು. ಕಾಲೇಜುರಂಗವನ್ನು ಪುಟ್ಟಣ್ಣ ಕಣಗಾಲರು 1976ರಲ್ಲಿ ಚಲನಚಿತ್ರವಾಗಿಸಿದರು. ಹಿರಿಯ ಓದುಗರಲ್ಲಿ ಅನೇಕರು ಸ್ವಾಮಿಯವರನ್ನು ಮೊದಲು ಬಲ್ಲದ್ದು ಆ ಮೂಲಕವೇ ಇರಬೇಕು. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಎಂಬ ಪುಸ್ತಕವನ್ನು ಅಡುಗೆಮನೆಯವರು ತಪ್ಪದೆ ಓದಬೇಕು. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊಗಳೆಲ್ಲ ಕಡಲಾಚೆಯಿಂದ ಬಂದ ಅತಿಥಿಗಳೆಂದು ತಿಳಿದ ಮೇಲೆ ನಮ್ಮ ಸಾರು ಹುಳಿಗಳ ಬಗೆಗಿನ ಅಭಿಮಾನ ಸ್ವಲ್ಪ ವಿನಯವನ್ನು ಕಲಿಯುತ್ತದೆ.

ನಿವೃತ್ತಿಯ ನಂತರ ಅವರು ಮೈಸೂರಿಗೆ ಬಂದು ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಕನ್ನಡದಲ್ಲಿ ಅವರ ಲೇಖನಿ ಅತ್ಯಂತ ಬಿರುಸಿನಿಂದ ಓಡಿದ್ದು ಆ ಕೆಲವೇ ವರ್ಷಗಳಲ್ಲಿ. 1980ರ ನವೆಂಬರ್ 2ರಂದು, ಅರವತ್ತೆರಡರ ವಯಸ್ಸಿನಲ್ಲಿ ಅವರು ನಿಧನರಾದರು. ತಂದೆ ಎಂಬತ್ತೆಂಟು ವರ್ಷ ಬಾಳಿದವರು. ಮಗನಿಗೂ ಅಷ್ಟು ಆಯುಸ್ಸು ದೊರೆತಿದ್ದರೆ ಅಂಬೊರೆಲ್ಲದ ಸುದ್ದಿ ಬಂದಾಗ ಅವರು ಅದನ್ನು ಕನ್ನಡಿಗರಿಗೆ ಹೇಗೆ ಹೇಳುತ್ತಿದ್ದರೆಂದು ಊಹಿಸಿ ನಾವು ಕೊರಗುವುದುಂಟು.

ಅವರ ಕಾಲದ ಕಾಡುಗಳೆಲ್ಲ ಇಂದು ಹಾಗೆಯೇ ಉಳಿದಿಲ್ಲ. ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಬಂದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಊರುಗಳೊಡನೆ 253 ಮೀಟರಿನ ಜೋಗದ ಮೇಲ್ದಂಡೆಯ ಕಾಡುಕಣಿವೆಗಳೂ ಮುಳುಗಿದವು. ಕುದುರೆಮುಖದಲ್ಲಿ ಅದಿರು ತೆಗೆಯುವ ಕೆಲಸ ನಿಂತದ್ದು 2005ರ ಕೊನೆಯಲ್ಲಿ. ಕೆಲವು ಉಳಿದುವು ಕೂಡ: ಜಲವಿದ್ಯುತ್ ಯೋಜನೆಯಿಂದ ಪಾರಾದ ಕೇರಳದ ಮೌನಕಣಿವೆ 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು, ಅವುಗಳಲ್ಲಿ ಹತ್ತು ಕರ್ನಾಟಕದವು. ಒಂದು ಕಮರಿ ಮುಳುಗಿದಾಗ ಅಲ್ಲಿದ್ದುದೇನೆಂದು ಹೇಳಬಲ್ಲವರು ಮೊದಲೇ ಅಲ್ಲಿ ನಡೆದು ಬರೆದಿಟ್ಟವರು ಮಾತ್ರ.

ಬೋರಿವಲಿಯಿಂದ ಮರಳಿದ ಮೇಲೆ ಆ ಹುಡುಗಿಯ ಮನೆಗೆ ನಾವು ಹಸುರು ಹೊನ್ನಿನ ಪ್ರತಿಯೊಂದನ್ನು ಕೊಟ್ಟೆವು. ಅವಳಿಗೆ ಕನ್ನಡ ಇನ್ನೂ ನಿಧಾನವಾಗಿ ಓದಲು ಬರುತ್ತದೆ. ಸದ್ಯಕ್ಕೆ ಅಜ್ಜಿ ಓದಿ ಹೇಳುತ್ತಾರೆ, ಇವಳು ಅದರೊಳಗಿನ ಚಿತ್ರಗಳನ್ನು ನೋಡಿ ತನ್ನ ಪಟ್ಟಿಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಕಾರ್ವಿ ಇನ್ನು ಹೂಬಿಡುವುದು 2032ರಲ್ಲಿ.